ಕಾಲಾಣೆಯ ಬೆನ್ನಿಗೆ ಆಸ್ಟ್ರೇಲಿಯಾ
ಕಂತು ಹನ್ನೊಂದು

“ಒಂದೇ ಅಂಗಡಿಗೆ ಎರಡು ಬೆಲೆಪುಸ್ತಕ ಯಾಕೆ, ಶಿವಯೋಗಪ್ಪನೋರೆ?” ಎಂದು ಯಲ್ಲಮ್ಮ ಕೇಳಿದರು.

ಗಾಂಧಿ ಬಜಾರಿನ ಹಳೆ ನಾಣ್ಯದ ವ್ಯಾಪಾರಿ ಶಿವಯೋಗಪ್ಪ ಕೈಯಲ್ಲಿದ್ದ ಕಾಫಿ ಲೋಟವನ್ನು ಗಾಜಿನ ಪೆಟ್ಟಿಗೆಯ ಮೇಲೆ ನಿಧಾನವಾಗಿ ಇಟ್ಟ.

“ಒಂದು ಇಂಡಿಯಾದ ನಾಣ್ಯಕ್ಕೆ, ಇನ್ನೊಂದು ಆಸ್ಟ್ರೇಲಿಯಾದ್ದಕ್ಕೆ. ಇದರಲ್ಲಿ ಪತ್ತೇದಾರಿಕೆ ಮಾಡೋದು ಎಂಥ ಇದೆ ಅಮ್ಮಾ?”

“ಏನಿಲ್ಲ. ಇಂಡಿಯಾದ್ದು ಗಿರಾಕಿಗೆ ಕಾಣೋ ಹಾಗೆ ಮೇಲಿತ್ತು. ಆಸ್ಟ್ರೇಲಿಯಾದ್ದು ಪೇಪರ್ ಸುತ್ಕೊಂಡು ಕೆಳಗಿನ ಖಾನೆಯಲ್ಲಿತ್ತು. ಅದಕ್ಕೆ ಕೇಳಿದೆ.”

ಬಾಗಿಲಾಚೆ ನಿಂತಿದ್ದ ಪೊಲೀಸ್ ಜೀಪಿನಲ್ಲಿ ಧರ್ಮೇಂದ್ರ ಕೈಕೋಳ ತೊಟ್ಟು ತಲೆ ತಗ್ಗಿಸಿ ಕುಳಿತಿದ್ದ. ಭದ್ರಾವತಿಯ ಆ ಯುವಕ ಹಿಂದಿನ ದಿನ ಈ ಅಂಗಡಿಗೆ ನುಗ್ಗಿ, ಹನ್ನೆರಡು ಲಕ್ಷ ಬೆಲೆಯ ನಾಣ್ಯವೊಂದನ್ನು ಕಸಿದನೆಂಬುದು ದೂರು. “ಅದು ನಮ್ಮಪ್ಪನ ನಾಣ್ಯ” ಎಂಬುದು ಅವನ ಒಂದೇ ಮಾತು. ಸ್ಥಳದ ಮಹಜರು ಮುಗಿದೊಡನೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವವರಿದ್ದರು, ಅಲ್ಲಿಂದ ಜೈಲಿಗೆ. ಅದನ್ನು ತಡೆಯಲು ಯಲ್ಲಮ್ಮನವರಿಗೆ ಉಳಿದದ್ದು ಒಂದೇ ಗಂಟೆ.

ಅವರು ವಕೀಲರಲ್ಲ, ಪೊಲೀಸರೂ ಅಲ್ಲ. ಭದ್ರಾವತಿಯ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಲೋಹದ ತುಂಡುಗಳನ್ನು ಉಜ್ಜಿ, ಸೂಕ್ಷ್ಮದರ್ಶಕದಡಿ ನೋಡಿ, ಕಂಡದ್ದನ್ನು ಕಂಡಂತೆಯೇ ಬರೆದವರು. ಎರಡು ವರ್ಷಗಳ ಹಿಂದೆ, ಅಂದರೆ ಎರಡು ಸಾವಿರದ ಒಂದರಲ್ಲಿ, ಸ್ವಯಂ ನಿವೃತ್ತಿ ಪಡೆದು ಮಲವಗೊಪ್ಪದಲ್ಲಿ ನೆಲೆಸಿದ್ದರು. ಕಂಡದ್ದನ್ನು ತಿರುಚಿ ಬರೆಯುವುದಕ್ಕಿಂತ ದೊಡ್ಡ ಪಾಪವಿಲ್ಲವೆಂದು ನಂಬಿದ ಹಳೆಯ ಕಾಲದ ಹೆಂಗಸು.

“ಮೇಡಂ, ಬೇಗ ಮುಗಿಸಿ,” ಎಂದರು ಸಬ್ ಇನ್‌ಸ್ಪೆಕ್ಟರ್ ಓಂಕಾರಪ್ಪ. “ಕೋರ್ಟಿಗೆ ಹೊತ್ತಾಗುತ್ತೆ.”

“ಮುಗಿಸ್ತೀನಿ ಸಾರ್. ಮೊದಲು ಇವರ ಹತ್ರ ಸ್ವಲ್ಪ ಪಾಠ ಹೇಳಿಸ್ಕೊಳ್ತೀನಿ.” ಯಲ್ಲಮ್ಮ ಆಸ್ಟ್ರೇಲಿಯಾದ ಬೆಲೆಪುಸ್ತಕವನ್ನು ತೆರೆದು ವ್ಯಾಪಾರಿಯತ್ತ ತಿರುಗಿಸಿದರು. “ಒಂದೇ ನಾಣ್ಯಕ್ಕೆ ಇಲ್ಲಿ ಐದು ಬೆಲೆ ಇದಾವಲ್ಲ, ಯಾಕೆ?”

ವಿದ್ಯೆ ಪ್ರದರ್ಶಿಸುವ ಅವಕಾಶ ಸಿಕ್ಕಿದರೆ ಶಿವಯೋಗಪ್ಪ ಬಿಡುವವನಲ್ಲ. ಅವನು ಕನ್ನಡಕ ಏರಿಸಿಕೊಂಡ.

“ದರ್ಜೆ ಅಮ್ಮಾ, ದರ್ಜೆ. ಎಡಗಡೆ ಗುಡ್. ಆಮೇಲೆ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಕೊನೆಗೆ ಚಲಾವಣೆಗೇ ಹೋಗದ್ದು. ಬಲಕ್ಕೆ ಹೋದ ಹಾಗೆ ಬೆಲೆ ಏರುತ್ತೆ. ಸವೆದ ಅರ್ಧ ಪೆನ್ನಿ ಕೊಟ್ರೆ ಒಂದು ಮಸಾಲೆ ದೋಸೆ ಬರುತ್ತೆ. ಅದೇ ಇಸವಿದು, ಅಚ್ಚಿಂದ ಈಗಷ್ಟೇ ಬಿದ್ದ ಹಾಗಿದ್ರೆ ಒಂದು ತಿಂಗಳ ಸಂಬಳ.”

“ಹೆಸರಿಗೆ ಗುಡ್, ಆದ್ರೆ ಎಲ್ಲಕ್ಕಿಂತ ಕೆಳಗಿಂದು?”

“ಹೌದು. ಹೆಸರು ನಂಬ್ಕೊಂಡ್ರೆ ಆಯ್ತು ಕತೆ.”

“ಸವೆದಿದೆಯೋ ಇಲ್ವೋ ಅಂತ ಎಲ್ಲಿ ನೋಡ್ತೀರಿ?”

“ಎತ್ತರದ ಜಾಗದಲ್ಲಿ. ಅರಸನ ಕೆನ್ನೆ, ಗಡ್ಡ, ಎದೆ ಮೇಲಿನ ಸರ. ಕೈಯಿಂದ ಕೈಗೆ ಹೋಗ್ತಾ ಮೊದಲು ಅಳಿಸೋದು ಅವು. ಆಮೇಲೆ ಗೀರು, ಅಂಚಿನ ಪೆಟ್ಟು. ನಾನು ಒಂದು ಗೀರನ್ನೂ ಬಿಡೋನಲ್ಲ.”

“ಗೊತ್ತು. ಅದನ್ನೇ ನೆಚ್ಕೊಂಡು ಬಂದಿದೀನಿ,” ಎಂದರು ಯಲ್ಲಮ್ಮ.

ಪುಸ್ತಕದ ಅದೇ ಪುಟದಲ್ಲಿ ಒಂದು ಸಾಲಿನೆದುರು ಮಾತ್ರ ಬೆಲೆಯ ಅಂಕಿಗಳಿರಲಿಲ್ಲ, ಗೆರೆ ಎಳೆದಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತದ ಟಂಕಸಾಲೆ ಆಸ್ಟ್ರೇಲಿಯಾಕ್ಕೂ ತಾಮ್ರದ ಕಾಸು ಅಚ್ಚೊತ್ತಿ ಕಳಿಸುತ್ತಿತ್ತು. ಸಾವಿರದ ಒಂಬೈನೂರ ಹದಿನಾರರಲ್ಲಿ ಯಾರೋ ಅಚ್ಚು ಅದಲುಬದಲು ಮಾಡಿದರು: ಮುಂದೆ ನಮ್ಮ ಕಾಲಾಣೆಯ ಅರಸನ ಮುಖ, ಹಿಂದೆ ಆಸ್ಟ್ರೇಲಿಯಾದ ಅರ್ಧ ಪೆನ್ನಿ. ಅಂಥವು ಸಿಕ್ಕಿರುವುದು ಬೆರಳೆಣಿಕೆಯಷ್ಟು. ಅಷ್ಟು ಅಪರೂಪದ್ದಕ್ಕೆ ಪುಸ್ತಕ ಬೆಲೆ ಕಟ್ಟುವುದಿಲ್ಲ. ಗೆರೆ ಎಳೆದು ಸುಮ್ಮನಾಗುತ್ತದೆ.

ಧರ್ಮೇಂದ್ರನ ಅಜ್ಜನಿಗೆ ಹೊಳೆಹೊನ್ನೂರಿನ ಸಂತೆಯಲ್ಲಿ ಚಿಲ್ಲರೆಯಾಗಿ ಬಂದದ್ದು ಅಂಥದೊಂದು ನಾಣ್ಯ. ಮನೆಯಲ್ಲಿ ಎಲ್ಲರೂ ಅದನ್ನು ಕಾಲಾಣೆಯೆಂದೇ ಕರೆದರು. ಹೋದ ತಿಂಗಳು ಸೊಸೆ ಸೀತಾ ಹಿಂಬದಿಯ ಅಕ್ಷರ ಓದಿ, “ಅತ್ತೆ, ಇದರಲ್ಲಿ ಆಸ್ಟ್ರೇಲಿಯಾ ಅಂತಿದೆ” ಎಂದಾಗ ಧರ್ಮೇಂದ್ರನ ತಾಯಿ ಹಾಲಮ್ಮ ಬೆಲೆ ಕೇಳಲೆಂದು ಇಲ್ಲಿಗೆ ತಂದಳು. ಶಿವಯೋಗಪ್ಪ ಒಂದು ರಾತ್ರಿ ಇಟ್ಟುಕೊಂಡು, ಮರುದಿನ ಚೀಟಿಯೊಡನೆ ಹಿಂತಿರುಗಿಸಿದ. ಮನೆಗೆ ಬಂದು ನೋಡಿದರೆ ಆಸ್ಟ್ರೇಲಿಯಾ ಮಾಯವಾಗಿತ್ತು; ಕೈಯಲ್ಲಿದ್ದದ್ದು ಬರಿಯ ಕಾಲಾಣೆ.

ಯಲ್ಲಮ್ಮ ಆ ಚೀಟಿಯನ್ನು ಓಂಕಾರಪ್ಪನವರ ಕೈಗಿಟ್ಟರು. “ಇದು ನಿಮ್ಮ ಅಕ್ಷರ ತಾನೆ, ಶಿವಯೋಗಪ್ಪನೋರೆ?”

“ನಂದೇ. ಸಹಿ, ತಾರೀಕು ಎಲ್ಲಾ ಇದೆ.”

ಓಂಕಾರಪ್ಪ ಗಟ್ಟಿಯಾಗಿ ಓದಿದರು. “ಹದಿನಾರನೇ ಇಸವಿಯ ಕಾಲಾಣೆ ಒಂದು. ಕಿರೀಟದ ಮೇಲೆ ಅಂಚಿಗೆ ಪೆಟ್ಟು. ಗಡ್ಡದಿಂದ ಎದೆಗೆ ಓರೆ ಗೀರು. ಹಿಂಭುಜದ ಬಳಿ ಎರಡು ಕುಳಿ. ದರ್ಜೆ ಗುಡ್. ಬೆಲೆ ಹದಿನೈದು ರೂಪಾಯಿ.”

“ಈಗ ಇದನ್ನ ನೋಡಿ ಸಾರ್. ಇವರು ವಾಪಸ್ ಕೊಟ್ಟ ನಾಣ್ಯ.”

ಓಂಕಾರಪ್ಪ ಭೂತಗನ್ನಡಿ ಹಿಡಿದು ಮುಂದೆ ತಿರುಗಿಸಿದರು, ಹಿಂದೆ ತಿರುಗಿಸಿದರು. ಅಂಚು ದುಂಡಗೆ, ಎಲ್ಲೂ ಪೆಟ್ಟಿರಲಿಲ್ಲ. ಗಡ್ಡ ಸವೆದು ನುಣ್ಣಗಾಗಿತ್ತು. ಗೀರಿಲ್ಲ, ಕುಳಿಯೂ ಇಲ್ಲ.

“ಒಂದು ಗೀರನ್ನೂ ಬಿಡದ ಮನುಷ್ಯ ಇಲ್ಲದ ಮೂರು ಗಾಯ ಎಲ್ಲಿಂದ ತಂದ್ರು?” ಎಂದು ಯಲ್ಲಮ್ಮ ಕೇಳಿದರು.

ಶಿವಯೋಗಪ್ಪನ ಹಣೆಯಲ್ಲಿ ಬೆವರು ಕಂಡಿತು. ಆದರೆ ಇಪ್ಪತ್ತು ವರ್ಷ ಬಜಾರಿನಲ್ಲಿ ಪಳಗಿದ ನಾಲಗೆ ಸೋಲಲಿಲ್ಲ.

“ಈ ಮುದುಕೀನೇ ಬದಲಾಯಿಸಿದಾಳೆ. ನಾನು ಕೊಟ್ಟದ್ದು ಬಚ್ಚಿಟ್ಟು ಬೇರೆ ತೋರಿಸ್ತಿದಾಳೆ.”

ಅಷ್ಟು ಹೊತ್ತು ಬಾಗಿಲ ಬಳಿ ನಿಂತು ಮಗನನ್ನೇ ನೋಡುತ್ತಿದ್ದ ಹಾಲಮ್ಮ ಥಟ್ಟನೆ ತಿರುಗಿದಳು. “ಏನಂದೆ? ಬದಲಾಯಿಸಾಕೆ ನಮ್ಮನೇಲಿ ನಾಣ್ಯದ ರಾಶಿ ಹಾಕೇತೇನೋ? ಒಂದಿತ್ತು. ಅದನ್ನ ನಿನ್ನ ಕೈಗೆ ಕೊಟ್ಟು, ಸ್ವಾಮಿ ಅಂತ ಕೈ ಬೇರೆ ಮುಗಿದೆ. ಆ ಕೈ ತೊಳ್ಕೋಬೇಕು ಈಗ!”

ಬಾಗಿಲಲ್ಲಿ ಸೇರಿದ್ದ ಜನ ನಕ್ಕರು. ಪಕ್ಕದ ಪಾತ್ರೆ ಅಂಗಡಿಯವನಂತೂ ಚಪ್ಪಾಳೆಯನ್ನೇ ತಟ್ಟಿದ.

“ಸಾರ್, ವಶಪಡಿಸಿಕೊಂಡ ನಾಣ್ಯ ತೆಗೀರಿ,” ಎಂದರು ಯಲ್ಲಮ್ಮ.

ಓಂಕಾರಪ್ಪ ಪಂಚರ ಮುಂದೆ ಮೊಹರು ಒಡೆದು, ಧರ್ಮೇಂದ್ರನ ಮುಷ್ಟಿಯಿಂದ ಬಿಡಿಸಿಕೊಂಡಿದ್ದ ನಾಣ್ಯವನ್ನು ಬಿಳಿ ಕಾಗದದ ಮೇಲಿಟ್ಟರು. ಕಿರೀಟದ ಮೇಲೆ ಪೆಟ್ಟು. ಗಡ್ಡದಿಂದ ಎದೆಗೆ ಓರೆ ಗೀರು. ಹಿಂಭುಜದ ಬಳಿ ಎರಡು ಕುಳಿ.

ಹಾಲಮ್ಮನ ಕೈಗೆ ಬರೆದುಕೊಟ್ಟ ಚೀಟಿ ಈ ನಾಣ್ಯದ ಜಾತಕವೇ ಆಗಿತ್ತು. ಬೆಲೆ ಇಳಿಸಬೇಕೆಂಬ ಆತುರದಲ್ಲಿ ಒಂದೊಂದು ಗಾಯವನ್ನೂ ಎಣಿಸಿ ಬರೆದವನು, ಅದೇ ನಾಣ್ಯಕ್ಕೆ ಪೊಲೀಸ್ ದೂರಿನಲ್ಲಿ ವೆರಿ ಫೈನ್ ದರ್ಜೆ ಕೊಟ್ಟು ಹನ್ನೆರಡು ಲಕ್ಷ ಕಟ್ಟಿದ್ದ. ಬಡವಿಯ ಕೈಯಲ್ಲಿದ್ದಾಗ ಗುಡ್, ತನ್ನ ಪೆಟ್ಟಿಗೆಗೆ ಬಂದೊಡನೆ ವೆರಿ ಫೈನ್! ಕೊಳ್ಳಲು ಒಂದು ಕಣ್ಣು, ಮಾರಲು ಇನ್ನೊಂದು ಕಣ್ಣು ಇಟ್ಟುಕೊಂಡವನನ್ನು ಊರು ಪರಿಣತನೆಂದು ಕರೆಯುತ್ತಿತ್ತಲ್ಲ ಎಂದು ಯಲ್ಲಮ್ಮನವರ ಮೈ ಉರಿಯಿತು.

“ಇರಲಿ,” ಎಂದ ಶಿವಯೋಗಪ್ಪ. ಧ್ವನಿ ತಗ್ಗಿತ್ತು, ಸೊಕ್ಕು ತಗ್ಗಿರಲಿಲ್ಲ. “ಹಳೇ ಕಾಸು ಅಂದ್ಮೇಲೆ ಪೆಟ್ಟು ಬಿದ್ದೇ ಇರುತ್ತೆ. ಎರಡಕ್ಕೆ ಒಂದೇ ಥರ ಬೀಳಬಾರದು ಅಂತ ಕಾನೂನಿದೆಯಾ? ಇದನ್ನ ನಾನು ತೊಂಬತ್ತೇಳರಲ್ಲಿ ಮದ್ರಾಸಿನಲ್ಲಿ ಕೊಂಡದ್ದು. ಈಯಮ್ಮ ತಂದ ಕಾಸಿನ ಹಿಂದೆ ಕಾಲಾಣೆ ಅಂತಲೇ ಇತ್ತು. ಆಸ್ಟ್ರೇಲಿಯಾ ಇತ್ತು ಅನ್ನೋದಕ್ಕೆ ಸೊಸೆ ಬಾಯಿಮಾತು ಬಿಟ್ರೆ ಬೇರೆ ಸಾಕ್ಷಿ ತನ್ನಿ ನೋಡೋಣ.”

“ಮೂರ್ತಣ್ಣ, ಒಳಗೆ ಬಾ,” ಎಂದು ಯಲ್ಲಮ್ಮ ಕರೆದರು.

ಅರವತ್ತು ದಾಟಿದ ಮುದುಕನೊಬ್ಬ ಜನರನ್ನು ಸರಿಸಿಕೊಂಡು ಒಳಗೆ ಬಂದ. ಮೂರ್ತಪ್ಪ, ಕಾರ್ಖಾನೆಯ ಫೌಂಡ್ರಿಯಲ್ಲಿ ಹಾಲಮ್ಮನ ಗಂಡ, ಒಂಬತ್ತು ವರ್ಷದ ಹಿಂದೆ ತೀರಿಕೊಂಡ ಮಾರಪ್ಪನ ಜೊತೆಗಾರ. ಅವನು ಕೈಚೀಲದಿಂದ ಕರಿಯ ಕಬ್ಬಿಣದ ತಗಡೊಂದನ್ನು ತೆಗೆದು ಗಾಜಿನ ಮೇಲೆ ಇಟ್ಟ. ಅಂಗೈಯಷ್ಟು ಅಗಲ. ಅದರ ಮೇಲೆ ಅಕ್ಕಪಕ್ಕದಲ್ಲಿ ಎರಡು ದುಂಡು ಅಚ್ಚು ಎದ್ದಿದ್ದವು. ಕೆಳಗೆ ಉಳಿಯಿಂದ ಕುಟ್ಟಿದ ತಾರೀಕು: 12-8-81.

“ಇದೆಂಥದು ಮಾರಾಯ?” ಎಂದು ಓಂಕಾರಪ್ಪ ಬಾಗಿದರು.

“ಮರಳು ಪರೀಕ್ಷೆ ಮಾಡಿದ್ದು ಸಾಮಿ. ಎರಕಕ್ಕೆ ಹೊಸ ಮರಳು ಬಂತು ಅಂದ್ರೆ, ನಯ ಸಾಕಾ ಸಾಲ್ದಾ ಅಂತ ನೋಡ್ಬೇಕಲ್ಲ? ಆಫೀಸರುಗಳು ಜರಡಿ ಹಿಡಿಯೋರು. ನಮಗೆ ಮಾರಪ್ಪನ ಕಾಲಾಣೆ. ಮರಳಿಗೆ ಒತ್ತೋದು, ಕರಗಿದ ಬೀಡುಕಬ್ಬಿಣ ಹೊಯ್ಯೋದು. ಆರಿದ ಮೇಲೆ, ಅರಸನ ಗಡ್ಡ ಬಂತೇನೋ ಅಂತ ಕೂಗೋನು ಮಾರಪ್ಪ. ಗಡ್ಡದ ಕೂದಲು ಕಂಡ್ರೆ ಮರಳು ಪಾಸು. ಬರೀ ಗಲ್ಲ ಕಂಡ್ರೆ ಲಾರಿ ವಾಪಸ್.”

“ಎರಡು ಮುಖಾನೂ ಒತ್ತಿದ್ರಾ?”

“ಒಂದು ಕಡೆ ಚಿತ್ರ, ಒಂದು ಕಡೆ ಅಕ್ಷರ. ಅಕ್ಷರದ ಮೂಲೆ ಮುರೀದೆ ಬರ್ಬೇಕು, ಅದೇ ಕಷ್ಟ. ನಮಗೆ ಇಂಗ್ಲಿಷ್ ಬರಲ್ಲ ಸಾಮಿ. ಏನು ಬರೆದಿದೆ ಅಂತ ಯಾರಿಗೆ ಬೇಕಿತ್ತು? ಮೂಲೆ ನೋಡ್ತಿದ್ವಿ.”

ಓಂಕಾರಪ್ಪ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. ಎಡಗಡೆಯ ಅಚ್ಚಿನಲ್ಲಿ ಕಿರೀಟ ತೊಟ್ಟ ಅರಸ. ಅಂಚಿನಲ್ಲಿ ಪೆಟ್ಟು, ಗಡ್ಡದಿಂದ ಓರೆ ಗೀರು, ಎರಡು ಕುಳಿ. ಬಲಗಡೆಯ ಅಚ್ಚಿನಲ್ಲಿ ಸುತ್ತಲೂ ಇಂಗ್ಲಿಷ್ ಅಕ್ಷರ, ನಡುವೆ ಎರಡು ಸಾಲು.

“ಹಾಫ್... ಪೆನ್ನಿ,” ಎಂದು ಅವರು ಓದಿದರು. “ಸುತ್ತಲೂ ಕಾಮನ್‌ವೆಲ್ತ್ ಆಫ್ ಆಸ್ಟ್ರೇಲಿಯಾ.”

ಗುಂಪು ಒಳಗೆ ಇಣುಕಲು ಮುನ್ನುಗ್ಗಿತು.

“ಈಗ ಜೋಡಿಸಿ ಸಾರ್,” ಎಂದರು ಯಲ್ಲಮ್ಮ. “ಹೋದ ತಿಂಗಳು ಹಾಲಕ್ಕ ತಂದ ನಾಣ್ಯಕ್ಕೆ ಯಾವ ಗಾಯ ಇತ್ತು ಅಂತ ಇವರ ಚೀಟಿ ಹೇಳುತ್ತೆ. ಅದೇ ಗಾಯ ಇರೋ ನಾಣ್ಯದ ಬೆನ್ನಲ್ಲಿ ಏನಿತ್ತು ಅಂತ ಎಂಬತ್ತೊಂದರ ಈ ಕಬ್ಬಿಣ ಹೇಳುತ್ತೆ. ಮೂರು ಗಾಯಾನೂ, ಬೆನ್ನೂ ಸೇರಿ ನಿಮ್ಮ ಕಾಗದದ ಮೇಲೆ ಕೂತಿದೆ. ಇವರ ಮದ್ರಾಸಿಗೆ ಇದರಲ್ಲಿ ಜಾಗ ಎಲ್ಲಿದೆ?”

ಆಗ ಶಿವಯೋಗಪ್ಪ ನಕ್ಕ. ಖಾನೆಯಿಂದ ವರ್ನಿಯರ್ ಮಾಪಕವನ್ನು ತೆಗೆದು ಕಬ್ಬಿಣದ ಅಚ್ಚಿನ ಮೇಲಿಟ್ಟ.

“ಇನ್‌ಸ್ಪೆಕ್ಟ್ರೇ, ಬನ್ನಿ. ಅಂಕಿ ಓದಿ. ಎಷ್ಟಿದೆ?”

“ಇಪ್ಪತ್ತೈದೂಕಾಲು ಮಿಲಿಮೀಟರ್.”

“ಪುಸ್ತಕದಲ್ಲಿ ಅರ್ಧ ಪೆನ್ನಿ ಅಳತೆ ಎಷ್ಟು? ಇಪ್ಪತ್ತೈದೂವರೆ! ಕಾಲು ಮಿಲಿಮೀಟರ್ ಕಡಿಮೆ. ನಾಣ್ಯದ ಲೋಕದಲ್ಲಿ ಕಾಲು ಮಿಲಿಮೀಟರ್ ಅಂದ್ರೆ ಆಕಾಶ ಭೂಮಿ. ಯಾವುದೋ ಬೇರೆ ಬಿಲ್ಲೆಯಿಂದ ನಿನ್ನೆ ಮೊನ್ನೆ ಹೊಯ್ದು ತಂದಿದಾರೆ. ಲ್ಯಾಬಿನಲ್ಲಿ ಬಾಟಲಿ ತೊಳೆದೋರೆಲ್ಲ ನಾಣ್ಯಶಾಸ್ತ್ರ ಮಾತಾಡಿದ್ರೆ ಹೀಗೇ ಆಗೋದು!”

ಓಂಕಾರಪ್ಪನವರ ಹುಬ್ಬು ಗಂಟಾಯಿತು. ಜೀಪಿನಲ್ಲಿ ಧರ್ಮೇಂದ್ರ ತಲೆಯೆತ್ತಿದ. ಹಾಲಮ್ಮ ಯಲ್ಲಮ್ಮನವರ ಸೆರಗಿನ ತುದಿ ಹಿಡಿದಳು.

ಯಲ್ಲಮ್ಮನವರಿಗೋ, ನೀರು ಕಾದಿರುವಾಗಲೇ ಅಕ್ಕಿ ತೊಳೆದು ಕೈಗೆ ಕೊಟ್ಟಂತಾಯಿತು.

“ಮೂರ್ತಣ್ಣ,” ಎಂದರು ಅವರು, “ಪ್ಯಾಟರ್ನ್ ಶಾಪಿನ ಸ್ಕೇಲು ತಂದಿದೀಯಾ?”

“ಇಲ್ಲೇ ಇದೆ ತಂಗಿ.”

ಮೂರ್ತಪ್ಪ ಹಿತ್ತಾಳೆಯ ಅಳತೆಪಟ್ಟಿಯೊಂದನ್ನು ಹೊರತೆಗೆದ. ಯಲ್ಲಮ್ಮ ಅಂಗಡಿಯದೇ ಮರದ ಸ್ಕೇಲನ್ನು ಅದರ ಪಕ್ಕದಲ್ಲಿಟ್ಟರು. ಎರಡರ ಸೊನ್ನೆಯೂ ಕೂಡಿತು. ಆದರೆ ಮೂವತ್ತನೆಯ ಸೆಂಟಿಮೀಟರಿನ ಗೆರೆ ಎರಡರಲ್ಲೂ ಕೂಡಲಿಲ್ಲ. ಹಿತ್ತಾಳೆಯದು ಮೂರು ಮಿಲಿಮೀಟರ್ ಮುಂದೆ ಹೋಗಿ ನಿಂತಿತ್ತು.

“ಸ್ಕೇಲೇ ಸುಳ್ಳು!” ಎಂದು ಶಿವಯೋಗಪ್ಪ ಕೂಗಿದ.

“ಸುಳ್ಳಲ್ಲ, ಕುಗ್ಗುವಿಕೆ!” ಯಲ್ಲಮ್ಮನವರ ಧ್ವನಿ ಬೀದಿಯವರೆಗೂ ಕೇಳಿತು. “ಕರಗಿದ ಬೀಡು ಆರುವಾಗ ನೂರಕ್ಕೆ ಒಂದು ಪಾಲು ಕುಗ್ಗುತ್ತೆ. ಅದಕ್ಕೇ ಎರಕದ ಮಾದರಿ ಮಾಡೋರು ಇಂಥ ಹಿಗ್ಗಿಸಿದ ಸ್ಕೇಲು ಇಟ್ಕೊಳ್ತಾರೆ. ಭದ್ರಾವತಿಯಲ್ಲಿ ಫೌಂಡ್ರಿಗೆ ಸೇರಿದ ಮೊದಲ ವಾರ ಕಲಿಯೋ ಪಾಠ ಇದು. ಇಪ್ಪತ್ತೈದೂವರೆಯಲ್ಲಿ ನೂರಕ್ಕೊಂದು ಕಳೀರಿ ಸಾರ್. ಎಷ್ಟು ಬರುತ್ತೆ?”

ಓಂಕಾರಪ್ಪ ಚೀಟಿಯ ಹಿಂದೆ ಲೆಕ್ಕ ಮಾಡಿದರು. ಪೆನ್ನು ನಿಂತಿತು. ಮೀಸೆಯಡಿ ನಗು ಮೂಡಿತು.

“ಇಪ್ಪತ್ತೈದೂಕಾಲು.”

“ಅಚ್ಚು ಇಪ್ಪತ್ತೈದೂವರೆ ಇದ್ದಿದ್ರೆ ನಾನೇ ಸುಳ್ಳು ಅಂತಿದ್ದೆ. ಕಡಿಮೆ ಇರೋದೇ ಅದರ ಸತ್ಯ. ನಾಣ್ಯಕ್ಕೆ ಗೌರವ ಕೊಡೋನು ಲೋಹದ ಗುಣ ತಿಳ್ಕೊಂಡಿರ್ತಾನೆ, ಶಿವಯೋಗಪ್ಪನೋರೆ. ನೀವು ಪುಸ್ತಕದಲ್ಲಿ ಬೆಲೆಯ ಕಾಲಂ ಬಿಟ್ಟು ಬೇರೇನೂ ಓದಿಲ್ಲ.”

ಈ ಸಲ ಪಾತ್ರೆ ಅಂಗಡಿಯವನೊಬ್ಬನೇ ಅಲ್ಲ, ಬೀದಿಯೇ ಚಪ್ಪಾಳೆ ತಟ್ಟಿತು. “ಬಾಟಲಿ ತೊಳೆದೋರು ನಿನ್ನನ್ನೂ ತೊಳೆದ್ರಲ್ಲೋ!” ಎಂದು ಯಾರೋ ಹಿಂದಿನಿಂದ ಕೂಗಿದರು.

ಶಿವಯೋಗಪ್ಪ ಸ್ಟೂಲಿನ ಮೇಲೆ ಕುಸಿದ. “ತಪ್ಪಾಯ್ತು... ಒಂದು ರಾತ್ರಿ ಮನಸ್ಸು ಕೆಟ್ಟಿತು,” ಎಂದು ತೊದಲಿದ.

“ಒಂದು ರಾತ್ರಿ ಕೆಟ್ಟದ್ದಕ್ಕೆ ಬೆಳಿಗ್ಗೆ ಪಶ್ಚಾತ್ತಾಪ ಪಡಬಹುದಿತ್ತು. ನೀವು ಬೆಳಿಗ್ಗೆ ಎದ್ದು ಆ ಹುಡುಗನಿಗೆ ಕೋಳ ಹಾಕಿಸಿದ್ರಿ,” ಎಂದರು ಯಲ್ಲಮ್ಮ.

ಓಂಕಾರಪ್ಪ ಕಾನ್‌ಸ್ಟೇಬಲ್‌ಗೆ ಸನ್ನೆ ಮಾಡಿದರು. ಕೋಳ ಕಳಚಿತು. ಧರ್ಮೇಂದ್ರ ಜೀಪಿನಿಂದ ಇಳಿದು ಬಂದು, ಎಲ್ಲರೆದುರೂ ಯಲ್ಲಮ್ಮನವರ ಕಾಲಿಗೆರಗಲು ಬಾಗಿದ. ಅವರು ತಡೆದು ಅವನ ಭುಜ ಹಿಡಿದು ನಿಲ್ಲಿಸಿದರು. “ತಲೆ ಎತ್ತಿ ನಿಂತ್ಕೋ. ನಿನ್ನೆಯಿಂದ ತಗ್ಗಿಸಿದ್ದು ಸಾಕು.” ಹಾಲಮ್ಮ ಮಗನ ಮಣಿಕಟ್ಟಿನ ಕೆಂಪು ಗುರುತನ್ನು ಸೆರಗಿನಿಂದ ಒರೆಸತೊಡಗಿದಳು, ಒರೆಸಿದರೆ ಹೋಗಿಬಿಡುವುದೇನೋ ಎಂಬಂತೆ.

“ಮೇಡಂ, ಮಹಜರಿಗೆ ನಾಣ್ಯದ ಅಳತೆ, ತೂಕಾನೂ ಬರೆದುಬಿಡೋಣ,” ಎಂದು ಓಂಕಾರಪ್ಪ ಪೆನ್ನು ತೆರೆದರು. “ಹೇಳಿ.”

ಯಲ್ಲಮ್ಮ ವರ್ನಿಯರಿನ ದವಡೆಗಳ ನಡುವೆ ನಾಣ್ಯವನ್ನು ಹಿಡಿದರು. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ನಾಣ್ಯವನ್ನು ತುಸು ತಿರುಗಿಸಿ ಬೇರೆ ಕಡೆಯಿಂದ ಅಳೆದರು.

“ಹೇಳಿ ಮೇಡಂ. ಇಪ್ಪತ್ತೈದೂವರೆ ತಾನೆ?”

“ಅಲ್ಲ. ಇಪ್ಪತ್ತೈದು ಪಾಯಿಂಟ್ ಒಂದು.”

ಅಂಗಡಿಯ ಪುಟ್ಟ ತಕ್ಕಡಿಯಲ್ಲಿ ತೂಗಿದರು. ತೂಕವೂ ಪುಸ್ತಕದ್ದಕ್ಕಿಂತ ಕಡಿಮೆ. ಭೂತಗನ್ನಡಿಯಡಿ ಬಯಲು ಭಾಗದಲ್ಲಿ ಸಾಸಿವೆಗಿಂತ ಸಣ್ಣ ರಂಧ್ರಗಳು ಕಂಡವು. ಅಚ್ಚೊತ್ತಿದ ಲೋಹದಲ್ಲಿ ಅಂಥವು ಇರುವುದಿಲ್ಲ, ಮರಳಿನಲ್ಲಿ ಹೊಯ್ದದ್ದರಲ್ಲಿ ಇರುತ್ತವೆ. ಇದೂ ಕುಗ್ಗಿತ್ತು, ತಾಮ್ರವಾದ್ದರಿಂದ ಬೀಡಿಗಿಂತ ತುಸು ಹೆಚ್ಚೇ. ಇದೂ ಎರಕವೇ.

“ಸಾಧ್ಯವಿಲ್ಲ!” ಶಿವಯೋಗಪ್ಪ ಚೀರಿಕೊಂಡ. “ಅವಳು ತಂದದ್ದು ಇದೇ! ದೇವರಾಣೆಗೂ ನಾನು ಬೇರೆ ಮಾಡಿಸಿಲ್ಲ!”

ಅವನ ಮುಖದ ದಿಗಿಲು ನಟನೆಯಾಗಿರಲಿಲ್ಲ. ಆಸೆಯ ಭರದಲ್ಲಿ ಅವನು ತೂಗಿಯೂ ಇರಲಿಲ್ಲ, ಅಳೆದೂ ಇರಲಿಲ್ಲ. ಎರಕದ ನಕಲಿಗೆ ವೆರಿ ಫೈನ್ ದರ್ಜೆ ಕೊಟ್ಟು, ನಕಲಿಗಾಗಿಯೇ ಮಾನ ಕಳೆದುಕೊಂಡಿದ್ದ.

“ಕೊಡು ತಂಗಿ ಇಲ್ಲಿ,” ಎಂದು ಮೂರ್ತಪ್ಪ ಭೂತಗನ್ನಡಿಯನ್ನು ಇಸಿದುಕೊಂಡ. ನಾಣ್ಯದ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದ. “ಲೋಹ ಹೊಯ್ದ ಬಾಯಿ ಇಲ್ಲಿತ್ತು. ಅರದಿಂದ ಉಜ್ಜಿ ಮುಚ್ಚಿದಾರೆ. ಗೆರೆ ನೋಡು, ಉಲ್ಟಾ ಓರೆ. ಎಡಗೈಯೋನು ಉಜ್ಜಿದ್ದು.” ಅವನು ನಾಣ್ಯವನ್ನು ಮತ್ತೆ ಕಾಗದದ ಮೇಲಿಟ್ಟ. “ನಮ್ಮ ಶಾಪಿನಲ್ಲಿ ಎಡಗೈಯೋನು ಒಬ್ಬನೇ. ಇದು ಮಾರಪ್ಪನ ಕೈ.”

“ಅಂದ್ರೆ ಮಾರಪ್ಪನೇ ನಕಲು ಮಾಡಿ, ನಿಜವಾದ್ದನ್ನ ಎಲ್ಲೋ ಇಟ್ಟ?” ಎಂದು ಓಂಕಾರಪ್ಪ ಕೇಳಿದರು.

“ಹಾಗೇ ಕಾಣುತ್ತೆ ಸಾಮಿ. ಮನೇಲೇ ಎಲ್ಲೋ ಇಟ್ಟಿರ್ತಾನೆ.”

ಮಗನ ಕೈ ಒರೆಸುತ್ತಿದ್ದ ಹಾಲಮ್ಮನ ಸೆರಗು ನಿಂತಿತು. ಅವಳು ತಿರುಗಿ ಮೂರ್ತಪ್ಪನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಒಂಬತ್ತು ವರ್ಷ ನೆನಪಿಗೆ ಬಾರದೆ ಇದ್ದದ್ದು ಈಗ ಬಂದ ಬೆರಗಿತ್ತು.

“ಅವರು ಕೆಲಸದ ಜಾಗದಲ್ಲೇ ಕುಸಿದು ತೀರಿಕೊಂಡ ದಿನ ಬೆಳಿಗ್ಗೆ, ಮರಳು ಬಂದೈತೆ ಅಂತ ಕಾಲಾಣೆ ಜೇಬಿಗೆ ಹಾಕ್ಕೊಂಡು ಹೋಗಿದ್ರು,” ಎಂದಳು. “ಸಂಜೆ ಅವರ ಅಂಗಿ, ಬುತ್ತಿ ಡಬ್ಬಿ, ಆ ನಾಣ್ಯ ತಂದು ನನ್ನ ಕೈಗೆ ಕೊಟ್ಟೋನು ನೀನಲ್ವೇನು, ಮೂರ್ತಣ್ಣ?”

ಮೂರ್ತಪ್ಪ ಭೂತಗನ್ನಡಿಯನ್ನು ಗಾಜಿನ ಪೆಟ್ಟಿಗೆಯ ಮೇಲೆ ಮೆಲ್ಲನೆ ಇಟ್ಟ.

ಇಟ್ಟದ್ದು ಎಡಗೈಯಿಂದ.